ದಿನಾ ಸ್ವಲ್ಪ ಕ್ರಾಸ್ ಸ್ಟಿಚ್: ಮುಂಬೈ, ಪುಣೆ, ಗೋವಾದ ಸೂಜಿ ದಾರದವರೆಲ್ಲ ಬನ್ನಿ

ಡೊಂಬಿವಲಿ ಅಕ್ಕ

ನಮಸ್ಕಾರ ಎಲ್ಲರಿಗೂ. ಈ ಕಡೆ ಇರುವ ನಮ್ಮ ಕನ್ನಡದವರಲ್ಲಿ ಕ್ರಾಸ್ ಸ್ಟಿಚ್, ಅಂದರೆ ಬಟ್ಟೆಯ ಮೇಲೆ ಎಣಿಸಿ × ಆಕಾರದ ಹೊಲಿಗೆ ಹಾಕಿ ಚಿತ್ರ ಬಿಡಿಸುವುದು, ಗೊತ್ತಿರುವವರು ಬೇಕಾದಷ್ಟು ಜನ ಇದ್ದಾರೆ. ಮದುವೆ ಮುಂಜಿಯಲ್ಲಿ ಸಿಕ್ಕಾಗ ಮಾತು ಬಂದರೆ "ನಾನೂ ಮಾಡ್ತಿದ್ದೆ, ಈಗ ಬಿಟ್ಟಿದ್ದೇನೆ" ಅಂತಾರೆ. ಯಾಕೆ ಅಂದರೆ ಟೈಮಿಲ್ಲ, ಜಾಗ ಇಲ್ಲ. ಈ ಎರಡೂ ಕಾರಣ ನಾನು ಒಪ್ಪುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮಾತು ಇಷ್ಟೇ. ಗೋಡೆಗೆ ಹಾಕುವ ದೊಡ್ಡ ಚಿತ್ರವೇ ಆಗಬೇಕು ಅಂತ ಹೊರಟರೆ ಇದು ದಿನದ ಹವ್ಯಾಸ ಆಗುವುದಿಲ್ಲ, ಬೀರುವಿನಲ್ಲಿ ಮಡಚಿಟ್ಟ ಬಟ್ಟೆ ಆಗುತ್ತದೆ. ಮನೆಯಲ್ಲಿ ಬಳಸುವ ಸಣ್ಣ ವಸ್ತು ಹಿಡಿದುಕೊಳ್ಳಿ. ದೇವರ ಮುಂದಿನ ಹಾಸು, ಆರತಿ ತಟ್ಟೆ ಮುಚ್ಚುವ ಬಟ್ಟೆ, ಬಾಗಿಲ ತೋರಣ, ಚಪಾತಿ ಸುತ್ತುವ ಬಟ್ಟೆಯ ಅಂಚು, ಮಗುವಿನ ದುಪಟಿಯ ಮೂಲೆಯಲ್ಲಿ ಒಂದು ಹೆಸರು. ಇವು ಮುಗಿಯುತ್ತವೆ. ಮುಗಿದ ಮೇಲೆ ದಿನಾ ಕಣ್ಣಿಗೆ ಬೀಳುತ್ತವೆ, ಕೈಗೆ ಸಿಗುತ್ತವೆ. ಅದನ್ನು ನೋಡಿಯೇ ಮುಂದಿನದಕ್ಕೆ ಕೈ ಹೋಗುತ್ತದೆ.

ಜಾಗದ ಮಾತಿಗೆ ಬಂದರೆ, ನನ್ನ ಸಾಮಾನೆಲ್ಲ ಅರ್ಧ ಕಿಲೋ ಶ್ರೀಖಂಡದ ಖಾಲಿ ಡಬ್ಬಿಯಲ್ಲಿ ಹಿಡಿಸುತ್ತದೆ. ಬಟ್ಟೆ ತುಂಡು, ಬಟ್ಟೆ ಬಿಗಿಯಾಗಿ ಹಿಡಿಯುವ ಸಣ್ಣ ರಿಂಗು, ಬೇಕಾದ ನಾಲ್ಕೈದು ಬಣ್ಣದ ದಾರ, ಎರಡು ಸೂಜಿ, ಸಣ್ಣ ಕತ್ತರಿ, ಚಿತ್ರವನ್ನು ಚೌಕ ಚೌಕವಾಗಿ ಬರೆದ, ಮಡಚಿದ ಗ್ರಾಫ್. ಡಬ್ಬಿ ಸೋಫಾ ಪಕ್ಕದಲ್ಲೇ ಇರುತ್ತದೆ. ಕುಕ್ಕರ್ ಇಟ್ಟು ಕುಳಿತರೂ ಒಂದು ಸಾಲು ಆಗುತ್ತದೆ. ಬೀರುವಿನ ಮೇಲಿನ ಅರೆಯಲ್ಲಿಟ್ಟರೆ ಅದನ್ನು ಇಳಿಸುವುದೇ ದೊಡ್ಡ ಕೆಲಸ, ಯಾರೂ ಇಳಿಸುವುದಿಲ್ಲ.

ನೀವೆಲ್ಲ ಏನು ಹೊಲಿಯುತ್ತಿದ್ದೀರಿ, ಯಾವಾಗ ಕೂರುತ್ತೀರಿ, ಸಾಮಾನು ಎಲ್ಲಿ ತರುತ್ತೀರಿ, ಹೇಳಿ.

ಮುಲುಂಡ್ ಹೊಸಬಳು

ಅಕ್ಕ, ಸರಿಯಾದ ಹೊತ್ತಿಗೆ ಬರೆದಿರಿ. ನಾನು ಈಗಷ್ಟೇ ಶುರು ಮಾಡಬೇಕು ಅಂತಿದ್ದೇನೆ. ಆನ್‌ಲೈನಲ್ಲಿ ರಾಧಾಕೃಷ್ಣರ ಒಂದು ಕಿಟ್ ನೋಡಿದ್ದೇನೆ, ತುಂಬಾ ಚೆನ್ನಾಗಿದೆ. 28 ಬಣ್ಣ ಇದೆ, ಅಗಲ 200 ಮನೆ (ಒಂದು ಕ್ರಾಸ್ ಹಿಡಿಸುವ ಚೌಕ), ಉದ್ದ 280 ಮನೆ ಅಂತ ಬರೆದಿದ್ದಾರೆ. ತಗೊಳ್ಳಲಾ?

ಡೊಂಬಿವಲಿ ಅಕ್ಕ

ಮೊದಲ ಕೆಲಸಕ್ಕೆ ಬೇಡ ತಂಗಿ. ಲೆಕ್ಕ ಹಾಕಿ ನೋಡು. 200 ಗುಣಿಸು 280 ಅಂದರೆ 56,000 ಕ್ರಾಸ್. ಗಂಟೆಗೆ 100 ಹಾಕಿದರೂ 560 ಗಂಟೆ. ಅದೇ 42 ಗುಣಿಸು 42ರ ಒಂದು ಸಣ್ಣ ತುಳಸಿಕಟ್ಟೆಯೋ ನವಿಲೋ ತಗೊಂಡರೆ ಪೂರ್ತಿ ತುಂಬಿದರೂ 1,764 ಕ್ರಾಸ್. ಸುತ್ತ ಖಾಲಿ ಜಾಗ ಬಿಟ್ಟರೆ ಅದರ ಅರ್ಧವೂ ಆಗುವುದಿಲ್ಲ. ಒಂದು ವಾರದಲ್ಲಿ ಕೈಗೆ ಬರುತ್ತದೆ.

ಬಟ್ಟೆ 14 ಕೌಂಟ್ ಐಡಾ ತಗೋ, ಎಣಿಸಲು ಸುಲಭ ಆಗುವ ಹಾಗೆ ಮನೆ ಮನೆಯಾಗಿ ನೇಯ್ದ ಬಟ್ಟೆ ಅದು. 14 ಕೌಂಟ್ ಅಂದರೆ ಒಂದು ಇಂಚಿಗೆ 14 ಮನೆ. ಹಾಗಾಗಿ 42 ಮನೆಯ ಚಿತ್ರ ಸರಿಯಾಗಿ 3 ಇಂಚು ಆಗುತ್ತದೆ. 11 ಕೌಂಟ್ ಆದರೆ ಹೆಚ್ಚು ಕಡಿಮೆ 3.8 ಇಂಚು. ಸುತ್ತಲೂ ರಿಂಗಿಗೆ, ಅಂಚು ಮಡಚುವುದಕ್ಕೆ ಅಂತ 3 ಇಂಚು ಜಾಸ್ತಿ ಬಿಟ್ಟು ಕತ್ತರಿಸು. ಸೂಜಿ ಮೊಂಡು ಮೂತಿಯದು ಕೇಳಿ ತಗೋ, 14 ಕೌಂಟಿಗೆ 24 ನಂಬರ್ ಸಾಕು. ಚೂಪು ಸೂಜಿ ತೂತಿನಲ್ಲಿ ಹೋಗುವ ಬದಲು ಬಟ್ಟೆಯ ಎಳೆಯನ್ನೇ ಸೀಳುತ್ತದೆ.

ಕೋಥ್ರೂಡ್ ಕಾಕು

ನಾನು ಧಾರವಾಡದವಳು, ಮದುವೆಯಾಗಿ ಬಂದಾಗಿನಿಂದ ಪುಣೆಯಲ್ಲಿದ್ದೇನೆ. ನಿಮ್ಮ ಮಾತೆಲ್ಲ ಓದಿ ಖುಷಿ ಆಯಿತು, ಆದರೆ ಒಂದು ಮಾತು ಬಿಟ್ಟಿರಿ ನೋಡ್ರಿ. ಕ್ರಾಸ್ ಸ್ಟಿಚ್ ಅಂದಕೂಡಲೇ ಎಲ್ಲರೂ ಫ್ರಾನ್ಸು, ಇಂಗ್ಲೆಂಡು ಅಂತ ಶುರು ಮಾಡುತ್ತಾರೆ. ನಮ್ಮ ಕಸೂತಿಯಲ್ಲಿ ಮೆಂತೆ ಹೊಲಿಗೆ ಇದೆಯಲ್ಲ, ಅದು ಇದೇ ಕ್ರಾಸು. ಕಸೂತಿಯ ಹೊಲಿಗೆ ಗವಂತಿ (ಗೆರೆ ಹೊಲಿಗೆ), ಮುರ್ಗಿ (ಮೆಟ್ಟಿಲಿನಂಥ ಗೆರೆ), ನೇಯ್ಗೆ (ನೇಯ್ದ ಹಾಗೆ ಕಾಣುವುದು), ಮೆಂತೆ ಅಂತ ನಾಲ್ಕು. ಇಳಕಲ್ ಸೀರೆಯ ಸೆರಗಿಗೆ, ಕರಿ ಚಂದ್ರಕಾಳಿ ಸೀರೆಗೆ ನಮ್ಮ ಅಜ್ಜಿಯರು ಗ್ರಾಫೂ ಇಲ್ಲದೆ, ಪೆನ್ಸಿಲ್ ಗೆರೆಯೂ ಇಲ್ಲದೆ ಬರೇ ಎಳೆ ಎಣಿಸಿ ತೇರು, ಗೋಪುರ, ಅಂಬಾರಿ ಆನೆ, ತೊಟ್ಟಿಲು ಎಲ್ಲ ಹಾಕುತ್ತಿದ್ದರು. ಎಣಿಸಿ ಹೊಲಿಯುವ ಕೈ ನಮ್ಮದು, ಇದನ್ನು ಹೊಸದಾಗಿ ಕಲಿಯುವುದೇನಿಲ್ಲ.

ಇನ್ನೊಂದು. ಹಿಂಭಾಗ ಚೊಕ್ಕ ಇರಬೇಕು. ಕಸೂತಿಗೆ ಗಂಟು ಹಾಕುವ ಪದ್ಧತಿಯೇ ಇಲ್ಲ. ಮುಂದೆ ಹೇಗೋ ಹಿಂದೆಯೂ ಹಾಗೆ. ಈಗಿನವರ ಕ್ರಾಸ್ ಸ್ಟಿಚ್ ತಿರುಗಿಸಿ ನೋಡಿದರೆ ಎಲ್ಲಿಂದ ಎಲ್ಲಿಗೆ ದಾರ ಹೋಗಿದೆ ತಿಳಿಯುವುದಿಲ್ಲ.

ಹಿಂಜವಡಿ ಹುಡುಗ

ಕಾಕು, ನಿಮ್ಮ ಮೇಲೆ ಗೌರವ ಇಟ್ಟೇ ಒಂದು ಮಾತು. ಗವಂತಿ, ಮುರ್ಗಿ ಎರಡೂ ಕಡೆ ಒಂದೇ ಥರ ಬರುತ್ತವೆ, ಒಪ್ಪಿದೆ. ಮೆಂತೆ ಹಾಗಲ್ಲ ಅಲ್ವಾ? ಅದರ ಹಿಂಭಾಗ ಬೇರೆಯೇ ಇರುತ್ತದೆ. ಹಾಗಿದ್ದ ಮೇಲೆ ಈಗ ಕಲಿಯುವವರಿಗೆ ಹಿಂಭಾಗದ ಹೆದರಿಕೆ ಹುಟ್ಟಿಸುವುದು ಬೇಡ. ನನಗೆ ಗೊತ್ತಿರುವ ಎಷ್ಟೋ ಜನ "ಹಿಂದೆ ಚೆನ್ನಾಗಿ ಬರಲ್ಲ" ಅಂತಲೇ ಕೈಬಿಟ್ಟಿದ್ದಾರೆ.

ಕೋಥ್ರೂಡ್ ಕಾಕು

ಮೆಂತೆ ವಿಷಯ ನೀ ಹೇಳಿದ್ದು ಖರೆ. ಅದು ಜಾಗ ತುಂಬುವ ಹೊಲಿಗೆ, ದಾರವೂ ಜಾಸ್ತಿ ತಿನ್ನುತ್ತದೆ. ಆದರೆ ಚೊಕ್ಕ ಅಂದರೆ ಎರಡೂ ಕಡೆ ಒಂದೇ ಇರಲಿ ಅಂತಲ್ಲಪ್ಪ. ಗಂಟು ಇರಬಾರದು, ಉದ್ದುದ್ದ ದಾರ ಹಿಂದೆ ಜೋತಾಡಬಾರದು. ತಿಳಿ ಬಣ್ಣದ ಬಟ್ಟೆ ಹಿಂದೆ ಕರಿ ದಾರ ಎಳೆದುಕೊಂಡು ಹೋದರೆ ಮುಂದೆ ನೆರಳು ಕಾಣುತ್ತದೆ. ಗಂಟು ಹಾಕಿದರೆ ಇಸ್ತ್ರಿ ಮಾಡಿದಾಗ ಉಬ್ಬು ಏಳುತ್ತದೆ. ದಿನಾ ಬಳಸುವ ಬಟ್ಟೆ ಅಂದರೆ ಒಗೆಯುವುದು ಇದ್ದೇ ಇದೆ, ಜೋತಾಡುವ ದಾರ ಬಳೆಗೆ ಸಿಕ್ಕಿ ಹರಿಯುತ್ತದೆ. ಕಾರಣ ಇದು, ಶೋಕಿಗೆ ಅಲ್ಲ.

ಡೊಂಬಿವಲಿ ಅಕ್ಕ

ಕಾಕು ಹೇಳಿದ ಈ ಕಾರಣ ನನಗೆ ಪೂರ್ತಿ ಒಪ್ಪಿಗೆ. ಫ್ರೇಮಿಗೆ ಹಾಕುವುದಾದರೆ ಹಿಂಭಾಗ ಯಾರೂ ನೋಡುವುದಿಲ್ಲ. ಬಳಸುವುದಾದರೆ ಅದು ಗಟ್ಟಿ ಇರಲೇಬೇಕು.

ಗಂಟು ಇಲ್ಲದೆ ಶುರು ಮಾಡುವ ಸುಲಭ ದಾರಿ ಹೇಳುತ್ತೇನೆ, ಹೊಸಬಳಿಗೆ ಬೇಕಾಗುತ್ತದೆ. ನಾವು ತರುವ ಲಡಿಯ ದಾರದಲ್ಲಿ 6 ಎಳೆ ಇರುತ್ತದೆ. ಮೊಳದುದ್ದ ಕತ್ತರಿಸು, ಅದಕ್ಕಿಂತ ಉದ್ದ ಬೇಡ, ಎಳೆದು ಎಳೆದು ಜುಂಗು ಏಳುತ್ತದೆ. ತುದಿಯನ್ನು ಬೆರಳಲ್ಲಿ ಹಿಡಿದು ಒಂದೇ ಒಂದು ಎಳೆಯನ್ನು ನೇರ ಮೇಲಕ್ಕೆ ಎಳಿ. ಉಳಿದ ಐದೂ ಬೆರಳ ಹತ್ತಿರ ಮುದ್ದೆಯಾಗಿ ಸಿಕ್ಕು ಬಿತ್ತು ಅನ್ನಿಸುತ್ತದೆ. ಹೆದರಬೇಡ, ಆ ಎಳೆ ಪೂರ್ತಿ ಹೊರಗೆ ಬಂದಕೂಡಲೇ ಉಳಿದವು ತಾವಾಗೇ ನೆಟ್ಟಗಾಗುತ್ತವೆ. ಎರಡೆರಡು ಎಳೆ ಒಟ್ಟಿಗೆ ಎಳೆದರೆ ಮಾತ್ರ ನಿಜವಾಗಿ ಸಿಕ್ಕಾಗುತ್ತದೆ.

ಹಾಗೇ ಇನ್ನೊಂದು ದಾರ, ಈ ಸಲ ಎರಡು ಮೊಳದ್ದು, ತಗೊಂಡು ಅದರಿಂದ ಒಂದು ಎಳೆ ತೆಗೆದು ನಡುವೆ ಮಡಚು. ಎರಡು ತುದಿಯನ್ನೂ ಸೂಜಿಗೆ ಪೋಣಿಸು. ಮಡಚಿದ ಕಡೆ ಕುಣಿಕೆ ಉಳಿಯುತ್ತದೆ. ಬಟ್ಟೆಯ ಹಿಂದಿನಿಂದ ಸೂಜಿ ಮೇಲೆ ತಂದು, ಕುಣಿಕೆ ಹಿಂದೆ ಸ್ವಲ್ಪ ಉಳಿದಿರುವಾಗಲೇ ಮೊದಲ ಅರ್ಧ ಕ್ರಾಸ್ ಹಾಕಿ ಕೆಳಗಿಳಿಸು, ಸೂಜಿಯನ್ನು ಆ ಕುಣಿಕೆಯೊಳಗೆ ದಾಟಿಸಿ ಮೆಲ್ಲಗೆ ಎಳಿ. ಅಷ್ಟೇ, ಭದ್ರ. ಮುಗಿಸುವಾಗ ಹಿಂದಿನ ನಾಲ್ಕೈದು ಹೊಲಿಗೆಯ ಅಡಿ ನುಗ್ಗಿಸಿ ಕತ್ತರಿಸು.

ಇನ್ನು ಎಲ್ಲ ಕ್ರಾಸಿನ ಮೇಲಿನ ಕಾಲು ಒಂದೇ ದಿಕ್ಕಿಗೆ ಇರಬೇಕು. ಇದೊಂದನ್ನು ಮಾತ್ರ ಬಿಡಬೇಡ. ದಿಕ್ಕು ಬದಲಾದರೆ ಬೆಳಕು ಬಿದ್ದಾಗ ಆ ಜಾಗ ಬೇರೆ ಬಣ್ಣದ ಹಾಗೆ ಕಾಣುತ್ತದೆ.

ಮುಲುಂಡ್ ಹೊಸಬಳು

ಅಕ್ಕ, ಈಗಲೇ ದಾರ ಎಳೆದು ನೋಡಿದೆ, ನಿಜವಾಗಿಯೂ ನೆಟ್ಟಗಾಯಿತು! ರಾಧಾಕೃಷ್ಣ ಆಮೇಲೆ ನೋಡುತ್ತೇನೆ. ಆದರೆ ಐಡಾ ಬಟ್ಟೆ ಅಂತ ಇಲ್ಲಿನ ಅಂಗಡಿಯಲ್ಲಿ ಕೇಳಿದರೆ ಅವರಿಗೆ ಗೊತ್ತಾಗಲಿಲ್ಲ.

ಮಾಟುಂಗಾ ಅಮ್ಮ

ಮ್ಯಾಟಿ ಬಟ್ಟೆ ಅಂತ ಕೇಳಿ ಮಗಳೇ, ಕೂಡಲೇ ತೆಗೆದುಕೊಡುತ್ತಾರೆ. ದಾದರ್ ಸ್ಟೇಷನ್ ಪಶ್ಚಿಮದ ಕಡೆ ಲೇಸು, ಗುಂಡಿ, ದಾರ ಮಾರುವ ಸಣ್ಣ ಅಂಗಡಿಗಳಲ್ಲಿ ವಿಚಾರಿಸಿ. ಜಾಸ್ತಿ ಬೇಕಿದ್ದರೆ ಭುಲೇಶ್ವರ, ಇಲ್ಲವೇ ಕ್ರಾಫರ್ಡ್ ಮಾರ್ಕೆಟ್ ಹತ್ತಿರದ ಅಬ್ದುಲ್ ರೆಹಮಾನ್ ಸ್ಟ್ರೀಟ್. ಬೆಳಿಗ್ಗೆ ಹೋಗಿ, ಮಧ್ಯಾಹ್ನದ ಮೇಲೆ ಕಾಲಿಡಲು ಜಾಗ ಇರುವುದಿಲ್ಲ.

ಮ್ಯಾಟಿ ಕೊಳ್ಳುವಾಗ ಸ್ಕೇಲು ಜೊತೆಗಿರಲಿ. ಬಟ್ಟೆಯ ಮೇಲಿಟ್ಟು ಒಂದು ಇಂಚಿಗೆ ಎಷ್ಟು ಮನೆ ಅಂತ ಅಡ್ಡಕ್ಕೂ ಎಣಿಸಿ, ಉದ್ದಕ್ಕೂ ಎಣಿಸಿ. ಕೆಲವು ಮ್ಯಾಟಿಯಲ್ಲಿ ಎರಡೂ ಒಂದೇ ಇರುವುದಿಲ್ಲ. ಅಂಥದರಲ್ಲಿ ದುಂಡಗಿನ ಹೂವು ಹಾಕಿದರೆ ಮೊಟ್ಟೆ ಆಕಾರಕ್ಕೆ ಬರುತ್ತದೆ. ಮತ್ತೆ ಮನೆಗೆ ತಂದು ಮೊದಲು ಒಮ್ಮೆ ನೀರಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿ. ಕುಗ್ಗುವುದಿದ್ದರೆ ಹೊಲಿಯುವ ಮೊದಲೇ ಕುಗ್ಗಿಬಿಡಲಿ.

ನನ್ನದೂ ಒಂದು ಪ್ರಶ್ನೆ ಇದೆ. ನನಗೆ 60 ದಾಟಿದೆ. ಕನ್ನಡಕ ಇದ್ದರೂ 14 ಕೌಂಟಿನ ತೂತು ಸಂಜೆ ಮೇಲೆ ಕಾಣುವುದಿಲ್ಲ. ಬಿಡುವುದಕ್ಕೆ ಮನಸ್ಸಿಲ್ಲ.

ಡೊಂಬಿವಲಿ ಅಕ್ಕ

ಬಿಡಬೇಡಿ ಅಮ್ಮ, ಖಂಡಿತ ಬಿಡಬೇಡಿ. 11 ಕೌಂಟಿಗೆ ಬನ್ನಿ, ಎರಡರ ಬದಲು ಮೂರು ಎಳೆ ಹಾಕಿ, ತುಂಬಿಕೊಂಡು ಕಾಣುತ್ತದೆ. ಬಟ್ಟೆ ಬಿಳಿ ಇದ್ದರೆ ಮಡಿಲಲ್ಲಿ ಗಾಢ ಬಣ್ಣದ ಒಂದು ಟವೆಲ್ ಹಾಸಿಕೊಳ್ಳಿ. ಕರಿ ಬಟ್ಟೆ ಇದ್ದರೆ ಬಿಳಿ ಪಂಚೆ ಹಾಸಿಕೊಳ್ಳಿ. ಕೆಳಗಿನ ಬಣ್ಣ ತೂತಿನಿಂದ ಇಣುಕುತ್ತದೆ, ಸೂಜಿ ಎಲ್ಲಿ ಹೋಗಬೇಕು ಅಂತ ತಾನಾಗೇ ಗೊತ್ತಾಗುತ್ತದೆ. ನೀವು ಬಲಗೈಯವರಾದರೆ ಬೆಳಕು ಎಡದಿಂದ ಬರಲಿ, ಕೈಯ ನೆರಳು ಹೊಲಿಗೆ ಮೇಲೆ ಬೀಳುವುದಿಲ್ಲ. ತುಂಬುವ ಕೆಲಸ ಸಂಜೆಗೆ ಇಟ್ಟುಕೊಳ್ಳಿ, ಎಣಿಸುವ ಕೆಲಸ ಬೆಳಿಗ್ಗೆ ಕಿಟಕಿ ಹತ್ತಿರ ಮಾಡಿ.

ವಾಸ್ಕೋ ಹುಡುಗಿ

ನಾನು ಗೋವಾದಲ್ಲಿ ಇರುವುದು, ಊರು ಹಾವೇರಿ. ಇಲ್ಲಿ ನಮ್ಮ ಕನ್ನಡದವರು ತುಂಬಾ ಇದ್ದಾರೆ, ಆದರೆ ಹೊಲಿಗೆ ಹಿಡಿದವರು ನನಗೆ ಸಿಕ್ಕಿಲ್ಲ. ಆಂಕರ್ ದಾರ ಮಡಗಾಂವಿನಲ್ಲಿ ಸಿಗುತ್ತದೆ, ಬಟ್ಟೆ ಮಾತ್ರ ಪುಣೆಗೆ ಹೋಗಿಬರುವವರ ಕೈಯಲ್ಲಿ ತರಿಸುತ್ತೇನೆ.

ನನ್ನ ಕಷ್ಟ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗೆ ಎಲ್ಲವೂ ತೇವ. ರಿಂಗು ಹಾಕಿದ್ದ ಕಡೆ ದುಂಡಗೆ ಹಳದಿ ಗುರುತು ಬರುತ್ತದೆ, ಸೂಜಿ ಚುಚ್ಚಿದಲ್ಲಿ ಕಂದು ಚುಕ್ಕೆ. ಆ ನಾಲ್ಕು ತಿಂಗಳು ಹೊರಗೆ ಹೋಗಲೂ ಆಗುವುದಿಲ್ಲ, ಕೂತು ಹೊಲಿಯುವುದಕ್ಕೆ ಅದೇ ಒಳ್ಳೆಯ ಕಾಲ. ಆದರೆ ಬಟ್ಟೆಯೇ ಹಾಳಾದರೆ ಹೇಗೆ?

ಡೊಂಬಿವಲಿ ಅಕ್ಕ

ಮುಂಬೈ ಮಳೆಯೂ ಕಡಿಮೆ ಇಲ್ಲ, ಹಾಗಾಗಿ ಇದು ನನಗೆ ಚೆನ್ನಾಗಿ ಗೊತ್ತಿರುವ ವಿಷಯ. ಎದ್ದೇಳುವಾಗ ರಿಂಗು ಬಿಚ್ಚಿಡುವುದು, ಸೂಜಿ ತೆಗೆದಿಡುವುದು, ಇವೆರಡು ಅಭ್ಯಾಸ ಆದರೆ ಅರ್ಧ ತೊಂದರೆ ಹೋಯಿತು. ಕಂದು ಚುಕ್ಕೆ ಸೂಜಿಯ ತುಕ್ಕು, ಅದು ಬಟ್ಟೆಯಿಂದ ಹೋಗುವುದು ಬಲು ಕಷ್ಟ. ಸೂಜಿಯನ್ನು ಬಟ್ಟೆಯ ಅಂಚಿನಲ್ಲೂ ಚುಚ್ಚಿಡಬೇಡಿ. ಹಳದಿ ಗುರುತು ಕೈಯ ಬೆವರು, ಎಣ್ಣೆ, ರಿಂಗಿನ ಮರದ ಕೊಳೆ. ಒಳಗಿನ ರಿಂಗಿಗೆ ಬಿಳಿ ಹತ್ತಿ ಪಟ್ಟಿ ಸುತ್ತಿದರೆ ಕಡಿಮೆಯಾಗುತ್ತದೆ, ಬಟ್ಟೆಯೂ ಜಾರುವುದಿಲ್ಲ. ಹೊಲಿಯಲು ಕೂರುವ ಮೊದಲು ಕೈ ಸೋಪು ಹಾಕಿ ತೊಳೆದು ಪೂರ್ತಿ ಒರೆಸಿಕೊಳ್ಳಿ. ದಾರ, ಬಟ್ಟೆ ಎರಡನ್ನೂ ಮುಚ್ಚಳ ಗಟ್ಟಿ ಇರುವ ಸ್ಟೀಲ್ ಡಬ್ಬಿಯಲ್ಲಿ ಇಡಿ, ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯದೆ ಅದರಲ್ಲಿ ಹಾಕಿ.

ಬಿಸಿಲು ಬಂತು ಅಂತ ಬಣ್ಣದ ದಾರ ಬಿಸಿಲಿಗೆ ಹರಡಬೇಡಿ. ನೆರಳಲ್ಲಿ ಗಾಳಿ ಸಾಕು.

ಹಿಂಜವಡಿ ಹುಡುಗ

ಇಲ್ಲಿ ಎಲ್ಲರೂ ಕ್ರಾಸ್ ಸ್ಟಿಚ್ ಅಂತಿದ್ದೀರಿ. ನಾನು ಒಂದು ವರ್ಷದಿಂದ ನೀಡಲ್‌ಪಾಯಿಂಟ್ ಮಾಡುತ್ತಿದ್ದೇನೆ. ದಿನದ ಬಳಕೆಗೆ ಅಂತ ಅಕ್ಕ ಹೇಳಿದರಲ್ಲ, ಅದಕ್ಕೆ ಇದು ಇನ್ನೂ ಚೆನ್ನ. ಕ್ರಾಸ್ ಸ್ಟಿಚ್‌ನಲ್ಲಿ ಬಟ್ಟೆ ಕಾಣುತ್ತದೆ, ಇದರಲ್ಲಿ ಜಾಲರಿಯಂಥ ಗಟ್ಟಿ ಕ್ಯಾನ್ವಾಸ್ ಪೂರ್ತಿ ದಾರದಿಂದ ಮುಚ್ಚಿಹೋಗುತ್ತದೆ. ಕುರ್ಚಿಯ ಸೀಟಿಗೆ, ದಿಂಬಿಗೆ ಹಾಕಿದರೂ ವರ್ಷಗಟ್ಟಲೆ ಬರುತ್ತದೆ.

ಮುಖ್ಯ ಹೊಲಿಗೆ ಒಂದೇ, ಓರೆಯಾದ ಸಣ್ಣ ಟೆಂಟ್ ಸ್ಟಿಚ್. ಆದರೆ ಹಾಕುವ ದಾರಿ ಮೂರು. ಅರ್ಧ ಕ್ರಾಸಿನ ಹಾಗೆ ಹಾಕಿದರೆ ದಾರ ಉಳಿಯುತ್ತದೆ, ಹಿಂದೆ ತೆಳ್ಳಗೆ ಬರುತ್ತದೆ. ಕಾಂಟಿನೆಂಟಲ್ ಹಾಕಿದರೆ ಹಿಂದೆಯೂ ತುಂಬುತ್ತದೆ, ಆದರೆ ಕ್ಯಾನ್ವಾಸ್ ಒಂದು ಕಡೆಗೆ ವಾಲುತ್ತದೆ. ಬ್ಯಾಸ್ಕೆಟ್‌ವೀವ್ ಅಂತ ಮೂಲೆಯಿಂದ ಮೂಲೆಗೆ ಓರೆಯಾಗಿ ಹತ್ತಿ ಇಳಿಯುವ ದಾರಿ ಇದೆ, ಅದರಲ್ಲಿ ಹಿಂಭಾಗ ಚಾಪೆ ನೇಯ್ದ ಹಾಗೆ ಬರುತ್ತದೆ, ಕ್ಯಾನ್ವಾಸ್ ಹೆಚ್ಚು ಸೊಟ್ಟಗಾಗುವುದಿಲ್ಲ. ಕಾಕು ನೋಡಿದರೆ ಮೆಚ್ಚುತ್ತಾರೆ. ಅದಕ್ಕೆಂದೇ ಬರುವ ಉಲ್ಲನ್ ಸಿಗದಿದ್ದರೆ 18 ಕೌಂಟ್ ಕ್ಯಾನ್ವಾಸ್ ಮೇಲೆ ನಮ್ಮ ಹತ್ತಿ ದಾರದ ಆರೂ ಎಳೆ ಹಾಕಬಹುದು. ಮುಗಿದ ಮೇಲೆ ಸ್ವಲ್ಪ ಒದ್ದೆ ಮಾಡಿ, ಹಲಗೆ ಮೇಲೆ ಚೌಕವಾಗಿ ಎಳೆದು ತುಕ್ಕು ಹಿಡಿಯದ ಪಿನ್ನು ಹೊಡೆದು ಒಣಗಲು ಬಿಟ್ಟರೆ ನೆಟ್ಟಗಾಗುತ್ತದೆ.

ಆಫೀಸಿನಲ್ಲಿ ಕೆಲವರು "ಇದು ಹೆಂಗಸರ ಕೆಲಸ" ಅಂತಾರೆ. ಅವರಿಗೆ ನಾನು ಮೇಜರ್ ಅಲೆಕ್ಸಿಸ್ ಕಾಸ್ಡಾಗ್ಲಿ ಕಥೆ ಹೇಳುತ್ತೇನೆ. ಬ್ರಿಟಿಷ್ ಸೈನ್ಯದವರು, ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಕೈಗೆ ಸಿಕ್ಕಿ ಸೆರೆಯಲ್ಲಿದ್ದರು. 1941ರಲ್ಲಿ ಅಲ್ಲೇ ಕೂತು ಒಂದು ಕ್ರಾಸ್ ಸ್ಟಿಚ್ ಮಾಡಿದರು. ಅಂಚಿನ ಚುಕ್ಕೆ ಗೆರೆ ನೋಡಿದರೆ ಅಲಂಕಾರ, ಓದಿದರೆ ಮೋರ್ಸ್ ಸಂಕೇತ. ಒಂದರಲ್ಲಿ ತಮ್ಮ ರಾಜನನ್ನು ದೇವರು ಕಾಪಾಡಲಿ ಅಂತ, ಇನ್ನೊಂದರಲ್ಲಿ ಹಿಟ್ಲರನಿಗೆ ಕೆಟ್ಟ ಬೈಗುಳ. ಕಾವಲಿನವರಿಗೆ ತಿಳಿಯಲೇ ಇಲ್ಲ, ಚೆನ್ನಾಗಿದೆ ಅಂತ ಪ್ರದರ್ಶನಕ್ಕೂ ಇಟ್ಟರು. ಕೇಳಿದವರು ಆಮೇಲೆ ನನ್ನ ಕ್ಯಾನ್ವಾಸ್ ಹತ್ತಿರ ಬಂದು ನೋಡುತ್ತಾರೆ.

ಕೋಥ್ರೂಡ್ ಕಾಕು

ಶಾಬಾಸ್! ಹುಡುಗರು ಹೊಲಿಗೆ ಹಿಡಿದರೆ ನನಗೆ ಬಹಳ ಸಂತೋಷ. ಚಾಪೆ ಥರ ಹಿಂಭಾಗ ಅಂದೆಯಲ್ಲ, ಫೋಟೋ ಹಾಕು. ನಾನು ತುಳಶಿಬಾಗ್, ರವಿವಾರ ಪೇಠ ಕಡೆ ಹೋದಾಗ ಕ್ಯಾನ್ವಾಸ್ ಕೇಳುತ್ತೇನೆ.

ನೀ ಯುರೋಪಿನ ಕಥೆ ಹೇಳಿದ್ದಕ್ಕೆ ನನಗೂ ಒಂದು ನೆನಪಾಯಿತು. ನಮ್ಮ ಗವಂತಿಯನ್ನೇ ಅವರು ಹೋಲ್ಬೈನ್ ಸ್ಟಿಚ್ ಅನ್ನುತ್ತಾರೆ. ಹಾನ್ಸ್ ಹೋಲ್ಬೈನ್ ಅಂತ 16ನೇ ಶತಮಾನದ ಚಿತ್ರಕಾರ, ಅವನು ಬರೆದ ಚಿತ್ರಗಳಲ್ಲಿ ದೊಡ್ಡ ಮನುಷ್ಯರ ಕಾಲರು, ತೋಳಿನ ಅಂಚಿಗೆ ಈ ಹೊಲಿಗೆ ಕಾಣುತ್ತದೆ. ಒಮ್ಮೆ ಬಿಟ್ಟು ಬಿಟ್ಟು ಹೋಗುವುದು, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುವುದು. ಕ್ರಾಸ್ ಸ್ಟಿಚ್‌ನ ಸುತ್ತ ಗೆರೆ ಕೊಡುವುದಕ್ಕೆ ಒಂದೇ ಎಳೆಯಲ್ಲಿ ಇದನ್ನು ಹಾಕಿ ನೋಡ್ರಿ, ಬ್ಯಾಕ್ ಸ್ಟಿಚ್‌ಗಿಂತ ತೆಳ್ಳಗೆ, ಅಂದವಾಗಿ ಬರುತ್ತದೆ.

ಮಾಟುಂಗಾ ಅಮ್ಮ

ಡೊಂಬಿವಲಿ ಅಕ್ಕ, ನೀವು ಲೋಕಲ್ ಟ್ರೇನಿನಲ್ಲೂ ಹೊಲಿಯುತ್ತೀರಾ? ನನ್ನ ಸೊಸೆಗೆ ಕಲ್ಯಾಣ್‌ನಿಂದ ದಿನಾ ಓಡಾಟ, ಅವಳಿಗೆ ಕಲಿಸಬೇಕು ಅಂತಿದೆ.

ಡೊಂಬಿವಲಿ ಅಕ್ಕ

ಸೀಟು ಸಿಕ್ಕರೆ ಹೊಲಿಯುತ್ತೇನೆ, ನಿಂತಾಗ ಇಲ್ಲ. ಲೇಡೀಸ್ ಡಬ್ಬಿಯಲ್ಲಿ ಮಟರ್ ಸುಲಿಯುವವರು, ಮೇಥಿ ಬಿಡಿಸುವವರು ಇರುತ್ತಾರೆ, ಸೂಜಿ ಹಿಡಿದವಳನ್ನು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಬದಲಿಗೆ ಪಕ್ಕದವರು "ಕಿತಿ ಛಾನ್" (ಎಷ್ಟು ಚೆಂದ) ಅಂತ ಕೈಗೆ ತಗೊಂಡು ನೋಡುತ್ತಾರೆ. ಸೊಸೆಗೆ ಹೇಳಿ, ಟ್ರೇನಿಗೆ ಒಂದೇ ಬಣ್ಣ ತುಂಬುವ ಕೆಲಸ ಮಾತ್ರ. ದಾರ ಮನೆಯಲ್ಲೇ ಕತ್ತರಿಸಿ ಎರಡು ಮೂರು ಸೂಜಿಗೆ ಪೋಣಿಸಿ ಇಟ್ಟುಕೊಂಡರೆ ಕತ್ತರಿ ಬೇಡ. ಆ ಸೂಜಿಗಳನ್ನು ಫೆಲ್ಟ್ ತುಂಡಿಗೆ ಚುಚ್ಚಿ ಡಬ್ಬಿಯಲ್ಲಿಡಲಿ, ಸೀಟಿನ ಮೇಲೆ ಒಂದು ಸೂಜಿ ಬಿದ್ದರೂ ಬೇರೆಯವರಿಗೆ ಅಪಾಯ. ನಿಮ್ಮ ಸೊಸೆಗೆ ಆ ಓಡಾಟದ ಹೊತ್ತಿನಲ್ಲಿ ಫೋನಿಗಿಂತ ಇದು ಎಷ್ಟೋ ಹಿತ ಅಂತ ನನಗೆ ನಂಬಿಕೆ ಇದೆ. ಕೈ ಎಣಿಸುತ್ತಿರುವಾಗ ಆಫೀಸಿನ ಮಾತು ತಲೆಯಲ್ಲಿ ಸುತ್ತುವುದಿಲ್ಲ.

ವಾಸ್ಕೋ ಹುಡುಗಿ

ಇನ್ನೊಂದು ಕೇಳುವುದಿತ್ತು. ನೆಟ್‌ನಲ್ಲಿ ಸಿಗುವ ಗ್ರಾಫೆಲ್ಲ ಡಿಎಂಸಿ ಕಂಪನಿಯ ದಾರದ ನಂಬರಿನಲ್ಲಿ ಇರುತ್ತದೆ. ನನ್ನ ಹತ್ತಿರ ಇರುವುದು ಆಂಕರ್. ಮತ್ತೆ ಕೆಂಪು ದಾರ ಬಣ್ಣ ಬಿಟ್ಟರೆ ಏನು ಮಾಡುವುದು?

ಡೊಂಬಿವಲಿ ಅಕ್ಕ

ಎರಡಕ್ಕೂ ಹೊಂದಿಸುವ ಪಟ್ಟಿ ನೆಟ್‌ನಲ್ಲೇ ಸಿಗುತ್ತದೆ. ಡಿಎಂಸಿಯ ಕರಿ 310, ಆಂಕರ್‌ನಲ್ಲಿ 403. ಆದರೆ ಎಲ್ಲ ಬಣ್ಣವೂ ಹೀಗೆ ಸರಿಯಾಗಿ ಕೂರುವುದಿಲ್ಲ, ಹತ್ತಿರದ್ದು ಅಂತ ಅಷ್ಟೇ. ಹಾಗಾಗಿ ಒಂದೇ ಜಾಗವನ್ನು ಅರ್ಧ ಅದರಲ್ಲಿ, ಅರ್ಧ ಇದರಲ್ಲಿ ತುಂಬಬೇಡಿ. ಹಿನ್ನೆಲೆಗೆ ಜಾಸ್ತಿ ಬೇಕಾಗುವ ಬಣ್ಣವನ್ನು ಒಂದೇ ಸಲ ಕೊಳ್ಳಿ. ಒಂದು ಲಡಿ 8 ಮೀಟರ್, ಎರಡೆರಡು ಎಳೆ ಹಾಕಿದರೆ 24 ಮೀಟರ್ ಹೊಲಿಗೆ ಸಿಗುತ್ತದೆ, ಆ ಅಂದಾಜಿನಲ್ಲಿ ತಗೊಳ್ಳಿ.

ಕೆಂಪು, ಗಾಢ ನೀಲಿ ಮೊದಲೇ ಪರೀಕ್ಷೆ ಮಾಡಿ. ತುಂಡು ದಾರವನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ಇಟ್ಟರೆ ಗೊತ್ತಾಗುತ್ತದೆ. ಒಗೆದಾಗ ಬಿಟ್ಟರೆ ಗಾಬರಿ ಬೇಡ, ಒಣಗಲು ಮಾತ್ರ ಬಿಡಬೇಡಿ. ತಣ್ಣೀರಿನಲ್ಲಿ ಜಾಲಾಡುತ್ತಲೇ ಇರಿ, ನೀರು ಬದಲಿಸುತ್ತಾ, ತಿಳಿ ನೀರು ಬರುವವರೆಗೆ. ಹಿಂಡಬೇಡಿ. ಟವೆಲ್‌ನಲ್ಲಿ ಸುತ್ತಿ ನೀರು ಒತ್ತಿ ತೆಗೆದು, ಹೊಲಿಗೆಯ ಮುಖ ಕೆಳಗೆ ಮಾಡಿ ದಪ್ಪ ಟವೆಲ್ ಮೇಲೆ ಇಸ್ತ್ರಿ ಮಾಡಿ. ಮೇಲಿನಿಂದ ಇಸ್ತ್ರಿ ಹಾಕಿದರೆ ಕ್ರಾಸೆಲ್ಲ ಚಪ್ಪಟೆಯಾಗುತ್ತದೆ. ನೀರಿಗೆ ಹೋಗುವ ಪೆನ್ನಲ್ಲಿ ಗೆರೆ ಎಳೆದಿದ್ದರೆ ಮೊದಲು ತೊಳೆಯುವುದು, ಆಮೇಲೆ ಇಸ್ತ್ರಿ. ಬಿಸಿ ತಾಗಿದರೆ ಗೆರೆ ಅಲ್ಲೇ ಕೂತುಬಿಡಬಹುದು.

ಮುಲುಂಡ್ ಹೊಸಬಳು

ನಾನು ತುಳಸಿಕಟ್ಟೆಯನ್ನೇ ಹಾಕಬೇಕು ಅಂತ ತೀರ್ಮಾನ ಮಾಡಿದೆ. ದೇವರ ಮುಂದಿನ ಹಾಸಿನ ನಾಲ್ಕು ಮೂಲೆಗೆ ನಾಲ್ಕು. ಕಾಕು, ಕಸೂತಿಯ ತುಳಸಿಕಟ್ಟೆ ಗ್ರಾಫ್ ಇದ್ದರೆ ಕೊಡುತ್ತೀರಾ? ಮ್ಯಾಟಿಯ ಮೇಲೆ ಬರುತ್ತದೆಯಾ?

ಕೋಥ್ರೂಡ್ ಕಾಕು

ಯಾಕೆ ಬರುವುದಿಲ್ಲ! ಎರಡೂ ಎಣಿಕೆಯ ಹೊಲಿಗೆ. ಸೀರೆ ಮೇಲೆ ಎಳೆ ಎಣಿಸುತ್ತೇವೆ, ಮ್ಯಾಟಿ ಮೇಲೆ ಮನೆ ಎಣಿಸುತ್ತೀ, ಅಷ್ಟೇ. ಕಟ್ಟೆಯ ಗೆರೆಗಳನ್ನು ಗವಂತಿಯಲ್ಲಿ ಹಾಕು, ಮೆಟ್ಟಿಲು ಮೆಟ್ಟಿಲಾಗಿ ಬರುವ ಅಂಚನ್ನು ಮುರ್ಗಿಯಲ್ಲಿ ಹಾಕು, ಗಿಡದ ಹಸಿರಿಗೆ ಮತ್ತು ಕಟ್ಟೆಯ ನಡುವಿನ ಜಾಗಕ್ಕೆ ನಿನ್ನ ಕ್ರಾಸ್. ನಾಳೆ ಗ್ರಾಫ್ ಹಾಳೆಯ ಮೇಲೆ ಬರೆದು ಫೋಟೋ ಇಲ್ಲೇ ಹಾಕುತ್ತೇನೆ. 41 ಮನೆ ಅಗಲ ಇಡುತ್ತೇನೆ, ನಡುವೆ ಒಂದು ಮನೆ ಸರಿಯಾಗಿ ಸಿಗಲಿ ಅಂತ. ನೀನು ಅಷ್ಟರಲ್ಲಿ ಬಟ್ಟೆ ನೆನೆಸಿ ಒಣಗಿಸು, ನಾಲ್ಕು ಮೂಲೆಯ ಜಾಗಕ್ಕೂ ನಡುವಿನ ಗೆರೆ ತಿಳಿ ದಾರದಲ್ಲಿ ಗುರುತು ಮಾಡಿ ಇಟ್ಟುಕೋ.

ಮಾಟುಂಗಾ ಅಮ್ಮ

ಕಾಕು, ನನಗೂ ಬೇಕು ಆ ಗ್ರಾಫ್. ಮನೆಗಳನ್ನು ಸ್ವಲ್ಪ ದೊಡ್ಡದಾಗಿ ಬರೆಯಿರಿ, ಪುಣ್ಯ ಬರುತ್ತದೆ.